ಒಂದು ಕಥೆಗೆ ಒಂದು ದೀಪ

(ಪುಸ್ತಕ ಓದುವ ಗೆಳೆಯರ ಕೂಟವೊಂದರಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ದುಡ್ಡು ಕೊಟ್ಟು ಯಾಕಾದರೂ ಹೆದರುತ್ತೀರಿ ಅಂತ ಕೇಳುವವರು ಎಲ್ಲ ಕಡೆ ಇರುತ್ತಾರೆ. ಅವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇವತ್ತು ನಾನು ಹಿಡಿದುಕೊಂಡಿರುವುದು ಅದಕ್ಕಿಂತ ಸಣ್ಣ ಪ್ರಶ್ನೆ. ದೆವ್ವದ ಕಥೆ ಅಂದ ಕೂಡಲೇ ನಮಗೆ ನೆನಪಾಗುವುದೆಲ್ಲ ಹೆಚ್ಚು ಕಡಿಮೆ ಸಣ್ಣ ಕಥೆಗಳೇ. ಅದು ಯಾಕೆ? ಅಂಥ ಎಂಟು ಹತ್ತು ಕಥೆಗಳನ್ನು ಒಂದು ಪುಸ್ತಕಕ್ಕೆ ಸೇರಿಸಿಬಿಟ್ಟರೆ ಓದುವವನ ಮೇಲೆ ಬೇರೆಯೇ ಪರಿಣಾಮ ಆಗುತ್ತದಲ್ಲ, ಅದು ಎಲ್ಲಿಂದ ಬರುತ್ತದೆ?

ನನ್ನ ಅನಿಸಿಕೆ ಮೊದಲೇ ಹೇಳಿಬಿಡುತ್ತೇನೆ. ಹೆದರಿಕೆ ಕಥೆಯೊಳಗೆ ಇರುವುದಕ್ಕಿಂತ ಎರಡು ಕಥೆಗಳ ನಡುವೆ ಜಾಸ್ತಿ ಇರುತ್ತದೆ. ಇದನ್ನು ಹೇಳೋದಕ್ಕೆ ಎರಡು ಪುಸ್ತಕ ತಂದಿದ್ದೇನೆ. ಎರಡೂ 1904ರಲ್ಲಿ ಬಂದವು. ಬರೆದವರು ಒಬ್ಬರಿಗೊಬ್ಬರು ಸಂಬಂಧ ಇಲ್ಲದವರು, ಇದ್ದದ್ದು ಭೂಮಿಯ ಎರಡು ಕೊನೆಗಳಲ್ಲಿ.

ಮೊದಲನೆಯದು 'ಕ್ವೈದಾನ್'. ಬರೆದವರು ಲಾಫ್ಕಾಡಿಯೊ ಹರ್ನ್. ಹುಟ್ಟಿದ್ದು 1850ರಲ್ಲಿ, ಗ್ರೀಸಿನ ಒಂದು ದ್ವೀಪದಲ್ಲಿ. ತಾಯಿ ಗ್ರೀಕರು, ತಂದೆ ಐರ್ಲೆಂಡಿನವರು. ಬೆಳೆದದ್ದು ಡಬ್ಲಿನ್‌ನಲ್ಲಿ, ಅಜ್ಜಿಯ ವರಸೆಯ ಹೆಂಗಸೊಬ್ಬರ ಮನೆಯಲ್ಲಿ. ಕತ್ತಲೆಂದರೆ ಪ್ರಾಣ ಬಿಡುತ್ತಿದ್ದ ಹುಡುಗ. ಆ ಭಯ ಬಿಡಿಸೋಕೆ ಅಂತ ರಾತ್ರಿ ದೀಪ ಇಲ್ಲದ ಕೋಣೆಯಲ್ಲಿ ಹಾಕಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಭಯ ಹೋಗಲಿಲ್ಲ, ಮುಂದೆ ಅದೇ ಕಸುಬಾಯಿತು ನೋಡಿ. ಅಮೆರಿಕದಲ್ಲಿ ಪತ್ರಿಕೆಗಳಿಗೆ ಬರೆದು, 1890ರಲ್ಲಿ ಜಪಾನಿಗೆ ಬಂದರು. ಅಲ್ಲೇ ಮದುವೆಯಾದರು, ಅಲ್ಲಿಯ ಪ್ರಜೆಯಾದರು, ಕೊಯಿಜುಮಿ ಯಾಕುಮೊ ಅಂತ ಹೆಸರಿಟ್ಟುಕೊಂಡರು.

ಕ್ವೈದಾನ್‌ನ ಕಥೆಗಳು ಹರ್ನ್ ಹೊಸದಾಗಿ ಕಟ್ಟಿದವಲ್ಲ. ಹೆಚ್ಚಿನವು ಹಳೆಯ ಜಪಾನಿ ಪುಸ್ತಕಗಳಲ್ಲಿದ್ದವು. ಅವನ್ನು ಹುಡುಕಿ ತಂದು, ಓದಿಕೊಂಡು, ಗಂಡನಿಗೆ ಹೇಳಿದವರು ಹೆಂಡತಿ ಸೆತ್ಸು. ಆಕೆ ಬರೆದ ನೆನಪುಗಳಲ್ಲಿ ಈ ಕೆಲಸ ನಡೆಯುತ್ತಿದ್ದ ಬಗೆ ಇದೆ. ಸದ್ದಿಲ್ಲದ ರಾತ್ರಿಗಳಲ್ಲಿ ದೀಪದ ಬತ್ತಿ ತಗ್ಗಿಸಿ ಕಥೆ ಶುರು ಮಾಡುತ್ತಿದ್ದರು. ಪುಸ್ತಕ ನೋಡಿ ಓದುವ ಹಾಗಿಲ್ಲ, ನಿನ್ನ ಮಾತಲ್ಲೇ ಹೇಳಬೇಕು ಅಂತ ಗಂಡನ ಹಟ. ಕೇಳುತ್ತಾ ಕೇಳುತ್ತಾ ಆತನ ಮುಖದ ಬಣ್ಣವೇ ಬದಲಾಗುತ್ತಿತ್ತಂತೆ. ಅದನ್ನು ನೋಡಿ ಹೇಳುವವರಿಗೇ ಭಯವಾಗುತ್ತಿತ್ತು.

ಆ ಪುಸ್ತಕದ ಮೊದಲ ಕಥೆ ಹೋಯಿಚಿಯದು. ಹೋಯಿಚಿ ಕುರುಡ. ಬಿವಾ ಅನ್ನುವ ತಂತಿವಾದ್ಯ ನುಡಿಸುತ್ತಾ ಯುದ್ಧದ ಕಥೆ ಹಾಡುವವನು. 1185ರಲ್ಲಿ ಡಾನ್-ನೊ-ಉರಾ ಅನ್ನುವ ಜಾಗದಲ್ಲಿ ಸಮುದ್ರದ ಮೇಲೆ ಒಂದು ಯುದ್ಧ ನಡೆಯಿತು. ಹೈಕೆ ವಂಶದವರು ತಮ್ಮ ಬಾಲ ಚಕ್ರವರ್ತಿಯ ಸಮೇತ ಅಲ್ಲಿ ಮುಳುಗಿಹೋದರು. ಹೋಯಿಚಿ ಅದನ್ನು ಹಾಡಿದರೆ ಪಿಶಾಚಿಗಳೂ ಅಳುತ್ತವೆ ಅಂತ ಹೆಸರು. ಅವನು ಇದ್ದದ್ದು ಆ ಕಡಲಿನ ದಡದ ಒಂದು ದೇವಸ್ಥಾನದಲ್ಲಿ. ಒಂದು ರಾತ್ರಿ ಯಾರೋ ಯೋಧ ಬಂದು, ನಮ್ಮ ಒಡೆಯರು ಹಾಡು ಕೇಳಬೇಕಂತೆ ಎಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ. ದೊಡ್ಡ ಮನೆ, ತುಂಬಿದ ಸಭೆ, ಹಾಡು ಕೇಳಿ ಅಳುವ ಹೆಂಗಸರು. ಎಲ್ಲ ಅವನಿಗೆ ಕಿವಿಯಿಂದಲೇ ಗೊತ್ತಾಗುವುದು. ಮೂರನೆಯ ರಾತ್ರಿ ದೇವಸ್ಥಾನದ ಆಳುಗಳು ಹುಡುಕಿಕೊಂಡು ಹೋಗಿ ನೋಡಿದರೆ, ಈತ ಮಳೆಯಲ್ಲಿ, ಸ್ಮಶಾನದಲ್ಲಿ, ಆ ಬಾಲಕನ ಸಮಾಧಿಯ ಮುಂದೆ ಒಬ್ಬನೇ ಕೂತು ಹಾಡುತ್ತಿದ್ದಾನೆ.

ಪೂಜಾರಿ ಅವನ ಮೈತುಂಬ ಬೌದ್ಧ ಸೂತ್ರದ ಅಕ್ಷರ ಬರೆಸುತ್ತಾನೆ. ಅಕ್ಷರ ಇದ್ದ ಕಡೆ ಮೈ ದೆವ್ವದ ಕಣ್ಣಿಗೆ ಕಾಣುವುದಿಲ್ಲ. ಎರಡು ಕಿವಿಗೆ ಬರೆಯುವುದು ಮರೆತುಹೋಗುತ್ತದೆ. ರಾತ್ರಿ ಯೋಧ ಬರುತ್ತಾನೆ. ಅವನಿಗೆ ಕಾಣುವುದು ಒಂದು ಬಿವಾ, ಎರಡು ಕಿವಿ. ಒಡೆಯರ ಅಪ್ಪಣೆ ಪಾಲಿಸಿದ್ದಕ್ಕೆ ಸಾಕ್ಷಿ ಬೇಕಲ್ಲ? ಆ ಕಿವಿಗಳನ್ನೇ ಕಿತ್ತುಕೊಂಡು ಹೋಗುತ್ತಾನೆ. ಹೋಯಿಚಿ ಉಸಿರೆತ್ತುವ ಹಾಗಿಲ್ಲ.

ಈ ಕಥೆ ಬರೆಯುತ್ತಿದ್ದ ದಿನಗಳಲ್ಲಿ ಹರ್ನ್ ಸಂಜೆಯಾದರೂ ಕೋಣೆಯಲ್ಲಿ ದೀಪ ಹಚ್ಚದೆ ಕೂತಿರುತ್ತಿದ್ದರಂತೆ. ಸೆತ್ಸು ಪಕ್ಕದ ಕೋಣೆಯಿಂದ ಮೆಲ್ಲಗೆ "ಹೋಯಿಚಿ, ಹೋಯಿಚಿ" ಅಂತ ಕರೆದರೆ, "ನಾನು ಕುರುಡ, ನೀವು ಯಾರು?" ಅಂತ ಒಳಗಿಂದ ಉತ್ತರ ಬರುತ್ತಿತ್ತು. ಗಂಡ ಹೆಂಡತಿ ಆಟ ಆಡುತ್ತಿದ್ದರು ಅನ್ನಿ. ನನಗೆ ಮಾತ್ರ ಇಡೀ ಪುಸ್ತಕದಷ್ಟೇ ಇಷ್ಟವಾದ ದೃಶ್ಯ ಇದು. ಪುಸ್ತಕವಾಗುವ ಮೊದಲು ಆ ಕಥೆಗೆ ಒಂದು ಬಾಯಿ, ಒಂದು ಕಿವಿ, ತಗ್ಗಿಸಿದ ಒಂದು ದೀಪ ಇತ್ತು.

ಹರ್ನ್‌ಗೆ ಸಿಕ್ಕಿದ ಹಳೆಯ ಪುಸ್ತಕಗಳ ಹಿಂದೆಯೂ ಇಂಥದ್ದೇ ಒಂದು ಆಟ ಇತ್ತು. ಎದೊ ಕಾಲದ ಜಪಾನಿನಲ್ಲಿ, ಅಂದರೆ 1603ರಿಂದ 1868ರವರೆಗಿನ ಕಾಲದಲ್ಲಿ, 'ನೂರು ಕಥೆಗಳ ಕೂಟ' ಅಂತ ನಡೆಯುತ್ತಿತ್ತು. ಜನ ರಾತ್ರಿ ಒಂದು ಕಡೆ ಸೇರುತ್ತಿದ್ದರು. ನೀಲಿ ಕಾಗದ ಹೊದಿಸಿದ ದೀಪದಲ್ಲಿ ನೂರು ಬತ್ತಿ. ಒಬ್ಬ ಒಂದು ಕಥೆ ಹೇಳುತ್ತಾನೆ, ಒಂದು ಬತ್ತಿ ನಂದಿಸುತ್ತಾನೆ. ಇನ್ನೊಬ್ಬ ಇನ್ನೊಂದು ಹೇಳುತ್ತಾನೆ, ಇನ್ನೊಂದು ಬತ್ತಿ ಹೋಗುತ್ತದೆ. ನೂರನೆಯ ಬತ್ತಿ ಆರಿದ ಕೂಡಲೇ ನಿಜವಾಗಿಯೂ ಏನೋ ಬಂದೇ ಬರುತ್ತದೆ ಅನ್ನುವುದು ನಂಬಿಕೆ. ಅದಕ್ಕೇ ಎಷ್ಟೋ ಕಡೆ ತೊಂಬತ್ತೊಂಬತ್ತಕ್ಕೆ ನಿಲ್ಲಿಸಿ ಬೆಳಗಾಗುವವರೆಗೆ ಕೂತಿರುತ್ತಿದ್ದರು ಅನ್ನುತ್ತಾರೆ. ಮೊದಮೊದಲು ಇದು ಸಮುರಾಯ್ ಹುಡುಗರ ಧೈರ್ಯ ಪರೀಕ್ಷೆ ಆಗಿತ್ತು, ಆಮೇಲೆ ಊರ ಜನರ ಮೋಜಾಯಿತು ಅಂತಲೂ ಹೇಳುತ್ತಾರೆ.

ಈ ಕೂಟಗಳಿಗೆ ಕಥೆ ಬೇಕಲ್ಲ? ನೂರು ಕಥೆ ಯಾರಿಗೆ ಗೊತ್ತಿರುತ್ತದೆ? ಹಾಗಾಗಿ ಪುಸ್ತಕಗಳು ಅಚ್ಚಾದವು. 1666ರಲ್ಲಿ ಅಸಾಯಿ ರ್ಯೋಯಿ ಒಂದು ಸಂಕಲನ ತಂದರು. ಚೀನಾದ ಕಥೆಗಳನ್ನು ಜಪಾನಿನ ಊರುಗಳಿಗೆ ತಂದು ಕೂರಿಸಿದ್ದು ಅದು. 1677ರಲ್ಲಿ ನಿಜವಾಗಿಯೂ ನೂರು ಕಥೆ ಇರುವ ಒಂದು ಸಂಕಲನ ಬಂತು. ಮಿಕ್ಕ ಎಷ್ಟೋ ಪುಸ್ತಕ ನೂರು ಅಂತ ಹೆಸರಿಟ್ಟುಕೊಂಡು ಅಷ್ಟು ಮುಟ್ಟಲೇ ಇಲ್ಲ. ಪ್ರಕಾಶಕರು ಎಲ್ಲ ಕಾಲದಲ್ಲೂ ಪ್ರಕಾಶಕರೇ. 1776ರಲ್ಲಿ ಉಎದಾ ಅಕಿನಾರಿ ಒಂಬತ್ತೇ ಕಥೆಗಳ ಪುಸ್ತಕ ತಂದರು. ಜಪಾನಿನ ದೊಡ್ಡ ಸಾಹಿತ್ಯದ ಪಟ್ಟಿಯಲ್ಲಿ ಅದಕ್ಕೆ ಗಟ್ಟಿ ಜಾಗ ಇದೆ.

ಆ ಕೂಟದಲ್ಲಿ ನೀವು ಕೂತಿದ್ದೀರಿ ಅಂದುಕೊಳ್ಳಿ. ಹತ್ತನೆಯ ಕಥೆಯೂ ಎಂಬತ್ತನೆಯ ಕಥೆಯೂ ಬರಹದಲ್ಲಿ ಒಂದೇ ಮಟ್ಟದವು ಇರಬಹುದು. ಎಂಬತ್ತನೆಯದು ಜಾಸ್ತಿ ಹೆದರಿಸುತ್ತದೆ. ಕಥೆಗಾರ ಜಾಣನಾಗಿದ್ದಕ್ಕಲ್ಲ, ಅಷ್ಟು ಹೊತ್ತಿಗೆ ಎಪ್ಪತ್ತೊಂಬತ್ತು ಬತ್ತಿ ಹೋಗಿವೆ. ಕಥೆ ಮುಗಿದು ಒಬ್ಬ ಎದ್ದು ದೀಪದ ಹತ್ತಿರ ಹೋಗಿ ಬರುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಹಿಂದಿನ ಕಥೆಯ ಉಳಿಕೆಯೆಲ್ಲ ಆ ಹೊತ್ತಿನಲ್ಲಿ ಸೇರಿಕೊಳ್ಳುತ್ತದೆ. ಸಂಕಲನದಲ್ಲಿ ಒಂದು ಕಥೆ ಮುಗಿದು ಇನ್ನೊಂದು ಶುರುವಾಗುವ ನಡುವೆ ಅರ್ಧ ಪುಟ ಖಾಲಿ ಬಿಟ್ಟಿರುತ್ತಾರಲ್ಲ, ಅದು ಇದೇ ಜಾಗ.

ಈಗ ಎರಡನೆಯ ಪುಸ್ತಕ. ಎಂ. ಆರ್. ಜೇಮ್ಸ್ ಅವರ 'ಘೋಸ್ಟ್ ಸ್ಟೋರೀಸ್ ಆಫ್ ಆ್ಯನ್ ಆ್ಯಂಟಿಕ್ವೆರಿ'. ಎಂಟು ಕಥೆಗಳು. ಜೇಮ್ಸ್ ಕಥೆಗಾರ ಅಂತ ತಮ್ಮನ್ನು ಕರೆದುಕೊಂಡವರೇ ಅಲ್ಲ. ಮಧ್ಯಯುಗದ ಹಸ್ತಪ್ರತಿಗಳ ದೊಡ್ಡ ವಿದ್ವಾಂಸರು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿಗೆ 1905ರಿಂದ ಮುಖ್ಯಸ್ಥರಾಗಿದ್ದರು, 1918ರಿಂದ ಈಟನ್ ಶಾಲೆಗೆ. ದೆವ್ವದ ಕಥೆ ಅವರಿಗೆ ಗೆಳೆಯರ ಬಳಗದ ಖುಷಿ. 1893ರ ಅಕ್ಟೋಬರ್‌ನಲ್ಲಿ ಒಂದು ಸಣ್ಣ ಕೂಟದಲ್ಲಿ ಎರಡು ಕಥೆ ಓದಿದರು. ಆಮೇಲೆ ಪ್ರತಿ ಕ್ರಿಸ್‌ಮಸ್‌ಗೆ ಓದುವುದು ವಾಡಿಕೆಯಾಯಿತು. ಗೆಳೆಯರೆಲ್ಲ ಅವರ ಕೋಣೆಯಲ್ಲಿ ಕಾಯುತ್ತಿದ್ದರು. ಜೇಮ್ಸ್ ಒಳಗಿನಿಂದ ಕಾಗದ ಹಿಡಿದುಕೊಂಡು ಬಂದು, ಒಂದನ್ನು ಬಿಟ್ಟು ಎಲ್ಲ ಮೇಣದಬತ್ತಿ ಊದಿ ಆರಿಸಿ, ಆ ಒಂದರ ಪಕ್ಕ ಕೂತು ಓದುತ್ತಿದ್ದರು.

ಜಪಾನಿನಲ್ಲಿ ದೆವ್ವದ ಕಥೆಗೆ ಬೇಸಿಗೆ ಕಾಲ, ಅಂದರೆ ಸತ್ತ ಹಿರಿಯರು ಮನೆಗೆ ಬರುವ ಹಬ್ಬದ ಕಾಲ. ಇಂಗ್ಲೆಂಡಿನಲ್ಲಿ ಉದ್ದ ರಾತ್ರಿಗಳ ಚಳಿಗಾಲ. ಆದರೂ ಇಬ್ಬರೂ ದೀಪದ ವಿಷಯದಲ್ಲಿ ಒಂದೇ ಜಾಗಕ್ಕೆ ಬಂದು ಮುಟ್ಟಿದ್ದಾರೆ.

ಆ ಕಥೆಗಳು ಪುಸ್ತಕವಾದದ್ದಕ್ಕೆ ಕಾರಣ ಜೇಮ್ಸ್‌ರ ಗೆಳೆಯ ಜೇಮ್ಸ್ ಮ್ಯಾಕ್‌ಬ್ರೈಡ್. ಚಿತ್ರ ಬರೆದುಕೊಡುತ್ತೇನೆ ಅಂತ ಒಪ್ಪಿದ್ದರು. ನಾಲ್ಕು ಚಿತ್ರ ಮುಗಿಸುವಷ್ಟರಲ್ಲಿ, 1904ರಲ್ಲಿ, ಅಪೆಂಡಿಕ್ಸ್ ಆಪರೇಷನ್ ಆದ ಮೇಲೆ ತೀರಿಕೊಂಡರು. ಬೇರೆಯವರಿಂದ ಮಿಕ್ಕ ಚಿತ್ರ ಬರೆಸಲು ಜೇಮ್ಸ್ ಒಪ್ಪಲಿಲ್ಲ. ನಾಲ್ಕೇ ಚಿತ್ರದೊಂದಿಗೆ ಪುಸ್ತಕ ಬಂತು.

ಅದರಲ್ಲಿ ಒಂದು ಚಿತ್ರ ನೋಡಿದರೆ ಯಾರೂ ಮರೆಯುವುದಿಲ್ಲ. ಪಾರ್ಕಿನ್ಸ್ ಅನ್ನುವ ಪ್ರೊಫೆಸರ್ ಕಡಲ ತೀರದ ಊರಿಗೆ ಗಾಲ್ಫ್ ಆಡಲು ಹೋಗಿರುತ್ತಾನೆ. ದೆವ್ವಗಿವ್ವ ನಂಬದ ಮನುಷ್ಯ. ಅವನ ಹೋಟೆಲ್ ಕೋಣೆಯಲ್ಲಿ ಎರಡು ಹಾಸಿಗೆ. ಪಾಳು ಬಿದ್ದ ಹಳೆಯ ಕಟ್ಟಡದಲ್ಲಿ ಅವನಿಗೆ ಒಂದು ಕಂಚಿನ ಸೀಟಿ ಸಿಗುತ್ತದೆ. ಮಣ್ಣು ಒರೆಸಿ ಊದುತ್ತಾನೆ. ಗಾಳಿ ಏಳುತ್ತದೆ. ಮರುದಿನ ಕೆಲಸದ ಹೆಂಗಸು ಕೇಳುತ್ತಾಳೆ: ಎರಡೂ ಹಾಸಿಗೆಯಲ್ಲಿ ಮಲಗಿದ ಗುರುತಿದೆಯಲ್ಲ ಸಾರ್? ಇಲ್ಲಿಗೆ ಬಂದಾಗ ಪ್ರತಿ ಸಲ ನನಗೆ ಕುತ್ತಿಗೆಯ ಹಿಂದೆ ತಣ್ಣಗಾಗುತ್ತದೆ. ಕೊನೆಗೆ ಆ ಖಾಲಿ ಹಾಸಿಗೆಯ ಬಟ್ಟೆಯೇ ಎದ್ದು ಕೂರುತ್ತದೆ. ಅದಕ್ಕೆ ಕಣ್ಣಿಲ್ಲ, ತಡಕಾಡುತ್ತದೆ. ಮುಖ ಅಂದರೆ ಮುದುಡಿದ ದುಪ್ಪಟಿ. ಅದು ಯಾರ ದೆವ್ವ? ಯಾವ ಸೇಡು? ಯಾಕೆ ಬಂತು? ಜೇಮ್ಸ್ ಒಂದು ಮಾತೂ ಹೇಳುವುದಿಲ್ಲ. ಸೀಟಿ ಊದಿದ, ಅದು ಬಂತು, ಅಷ್ಟೇ.

ಸಣ್ಣ ಕಥೆಗೆ ಇರುವ ದೊಡ್ಡ ಅನುಕೂಲ ಇದೇ. ಹೇಳದೆ ನಿಲ್ಲಿಸಬಹುದು. ಕಾದಂಬರಿಗೆ ಆ ಪುಣ್ಯ ಇಲ್ಲ. ಮುನ್ನೂರು ಪುಟ ಜೊತೆಗೆ ಬಂದ ಓದುಗ ಲೆಕ್ಕ ಕೇಳುತ್ತಾನೆ. 'ಡ್ರಾಕುಲಾ' ತೆಗೆದುಕೊಳ್ಳಿ, 1897ರದ್ದು. ವಕೀಲ ಹಾರ್ಕರ್ ಆ ಕೋಟೆಯೊಳಗೆ ಸಿಕ್ಕಿಕೊಂಡ ಮೊದಲ ನಾಲ್ಕು ಅಧ್ಯಾಯ ಇದೆಯಲ್ಲ, ಅದಕ್ಕೆ ಸಾಟಿ ಇಲ್ಲ. ಆಮೇಲೆ ಕಥೆ ಇಂಗ್ಲೆಂಡಿಗೆ ಬರುತ್ತದೆ. ಬೆನ್ನಟ್ಟಬೇಕು, ಸಭೆ ಸೇರಬೇಕು, ರೈಲಿನ ವೇಳಾಪಟ್ಟಿ ನೋಡಬೇಕು. ಓದಿಸಿಕೊಂಡು ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಹೆದರಿಕೆ ಮಾತ್ರ ಕೋಟೆಯಲ್ಲೇ ಉಳಿದುಹೋಗಿರುತ್ತದೆ. ಈ ನನ್ನ ಮಾತಿಗೆ ಇಲ್ಲಿ ಕೆಲವರು ತಲೆ ಅಲ್ಲಾಡಿಸುತ್ತಿದ್ದಾರೆ, ಇರಲಿ.

ಎಡ್ಗರ್ ಅಲನ್ ಪೋ ಇದನ್ನು 1842ರಲ್ಲೇ ಹೇಳಿದ್ದರು. ಹಾಥಾರ್ನ್ ಅವರ ಕಥೆಗಳ ಬಗ್ಗೆ ವಿಮರ್ಶೆ ಬರೆಯುತ್ತಾ, ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ ಕೂತಲ್ಲೇ ಓದಿ ಮುಗಿಸುವ ಕಥೆಯೇ ಓದುಗನನ್ನು ಪೂರ್ತಿ ಹಿಡಿಯಬಲ್ಲದು ಅಂದರು. ನಡುವೆ ಎದ್ದು ಹೋದರೆ ಲೋಕ ಒಳಗೆ ಬಂದುಬಿಡುತ್ತದೆ. ಕುಕ್ಕರ್ ಕೂಗಿದರೆ ದೆವ್ವ ಓಡಿಹೋಗುತ್ತದೆ, ಅಲ್ವಾ?

ಡಬ್ಲ್ಯೂ. ಡಬ್ಲ್ಯೂ. ಜೇಕಬ್ಸ್ ಅವರ ಮಂಗನ ಪಂಜದ ಕಥೆ ಇಲ್ಲಿ ಎಷ್ಟೋ ಜನ ಓದಿರುತ್ತೀರಿ. 1902ರದ್ದು. ಅದರಲ್ಲಿ ನಮ್ಮ ದೇಶವೂ ಇದೆ. ಒಣಗಿಸಿದ ಆ ಪಂಜಕ್ಕೆ ಮಂತ್ರ ಹಾಕಿದವನು ಇಲ್ಲಿಯ ಒಬ್ಬ ಫಕೀರ, ಅದನ್ನು ತಂದವನು ಇಲ್ಲಿ ಸೈನ್ಯದಲ್ಲಿದ್ದ ಸಾರ್ಜೆಂಟ್. ಆ ಕಾಲದ ಇಂಗ್ಲಿಷರಿಗೆ ಹೆದರಿಕೆ ಬೇಕಾದರೆ ಇಲ್ಲಿಂದಲೇ ಸಪ್ಲೈ ಆಗಬೇಕಿತ್ತು. ಮೂರು ವರ ಕೊಡುವ ಪಂಜ. ಗಂಡ ಇನ್ನೂರು ಪೌಂಡ್ ಕೇಳುತ್ತಾನೆ. ಮಗ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕು ಸಾಯುತ್ತಾನೆ, ಪರಿಹಾರ ಅಂತ ಬರುವುದು ಸರಿಯಾಗಿ ಇನ್ನೂರು ಪೌಂಡ್. ತಾಯಿ ಮಗನನ್ನು ವಾಪಸ್ ಕೇಳಿಸುತ್ತಾಳೆ. ರಾತ್ರಿ ಬಾಗಿಲು ಬಡಿಯುತ್ತದೆ. ಆಕೆ ಚಿಲಕ ತೆಗೆಯಲು ಒದ್ದಾಡುತ್ತಿರುವಾಗ ಗಂಡ ಕತ್ತಲಲ್ಲಿ ಪಂಜ ಹುಡುಕಿ ಮೂರನೆಯ ವರ ಕೇಳಿಬಿಡುತ್ತಾನೆ. ಬಾಗಿಲು ತೆರೆದರೆ ಖಾಲಿ ರಸ್ತೆ. ಬಂದದ್ದು ಹೇಗಿತ್ತು ಅಂತ ಯಾರೂ ನೋಡಲಿಲ್ಲ. ನೂರಿಪ್ಪತ್ತು ವರ್ಷದಿಂದ ಓದುಗರೆಲ್ಲ ಸೇರಿ ಅದನ್ನು ನೋಡುತ್ತಲೇ ಇದ್ದಾರೆ.

ಇನ್ನೊಂದು ವಿಷಯ. ಜೇಕಬ್ಸ್ ನಗೆ ಬರಹಗಾರರು. ಹಡಗುಕಟ್ಟೆಯ ನಾವಿಕರ ತಮಾಷೆ ಕಥೆಗಳಿಗೆ ಹೆಸರಾದವರು. ಈ ಕಥೆ ಸೇರಿದ ಸಂಕಲನದಲ್ಲಿ ಹೆಚ್ಚಿನವು ಅಂಥ ತಮಾಷೆಯವೇ. ನಗುತ್ತಾ ಪುಟ ತಿರುಗಿಸಿದವನಿಗೆ ಈ ಪಂಜ ಸಿಕ್ಕಿದ್ದಿರಬೇಕು. ಇವತ್ತಿನ ಸಂಪಾದಕರು ಇದನ್ನು ಕಿತ್ತು 'ಜಗತ್ತಿನ ಭಯಾನಕ ಕಥೆಗಳು' ಅಂತ ದಪ್ಪ ಪುಸ್ತಕಕ್ಕೆ ಹಾಕಿ, ಮುಖಪುಟದಲ್ಲಿ ತಲೆಬುರುಡೆ ಬರೆಸುತ್ತಾರೆ. ಅಲ್ಲಿ ಓದುಗ ಮೊದಲೇ ಹುಷಾರಾಗಿರುತ್ತಾನೆ. ಅರ್ಧ ಮಜಾ ಅಲ್ಲೇ ಹೋಯಿತು.

ಬಾಗಿಲು ಬಡಿಯುವ ಮಾತು ಬಂದಾಗ ಈ ಸಭಾಂಗಣದಲ್ಲಿ 1990ರ ದಶಕ ನೋಡಿದವರಿಗೆ 'ನಾಳೆ ಬಾ' ನೆನಪಾಗದೇ ಇರುವುದಿಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ, ಹಳ್ಳಿಗಳಲ್ಲಿ, ಬಾಗಿಲ ಮೇಲೆ, ಗೋಡೆಯ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದ ಎರಡು ಪದ. ರಾತ್ರಿ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆಗೆದರೆ ಮುಗಿಯಿತು. ಬರೆದದ್ದು ಓದಿ ವಾಪಸ್ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಯಾರು ಕಟ್ಟಿದರೋ, ಎಂಥ ಅಚ್ಚುಕಟ್ಟಾದ ಕಥೆ ನೋಡಿ! ಇದನ್ನು ಹತ್ತು ಪುಟ ಮಾಡಿದರೆ ಕೆಡುತ್ತದೆ.

ಕಥೆಗಳ ನಡುವಿನ ಜಾಗ ಅಂದೆನಲ್ಲ, ಅದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಸಾಕ್ಷಿ ನಮ್ಮ ಬೇತಾಳ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ, ರಾಣಿ ಸೂರ್ಯವತಿಗಾಗಿ ಬರೆದ 'ಕಥಾಸರಿತ್ಸಾಗರ'ದಲ್ಲಿ ಈ ಇಪ್ಪತ್ತೈದು ಕಥೆಗಳಿವೆ. ನಮ್ಮಲ್ಲಿ ಹೆಚ್ಚಿನವರು ಓದಿದ್ದು 'ಚಂದಮಾಮ'ದಲ್ಲಿ. ಛಲ ಬಿಡದ ತ್ರಿವಿಕ್ರಮ ಮತ್ತೆ ಮರದ ಬಳಿಗೆ ಹೋಗಿ ಹೆಣವನ್ನು ಹೆಗಲಿಗೆ ಹಾಕಿಕೊಂಡು ಸ್ಮಶಾನದ ಕಡೆ ಹೊರಡುವಾಗ... ಅಂತ ಶುರುವಾಗುತ್ತಿತ್ತು. ಈಗ ಆ ಕಥೆಗಳನ್ನು ನೆನಪು ಮಾಡಿಕೊಳ್ಳಿ. ಒಂದರಲ್ಲೂ ಹೆದರಿಕೆ ಇಲ್ಲ. ಮದುವೆ, ನ್ಯಾಯ, ಯಾರದು ದೊಡ್ಡ ತ್ಯಾಗ ಅನ್ನುವ ಒಗಟು. ಹೆದರಿಕೆ ಎಲ್ಲಿತ್ತು? ಕಥೆ ಮುಗಿದು, ರಾಜ ಬಾಯಿಬಿಟ್ಟು, ಹೆಣ ಹಾರಿಹೋಗಿ, ಅವನು ಕತ್ತಲಲ್ಲಿ ಒಬ್ಬನೇ ಆ ಮರದವರೆಗೆ ವಾಪಸ್ ನಡೆಯುತ್ತಾನಲ್ಲ, ಅಲ್ಲಿ. ಆ ನಡಿಗೆಗೆ ಸಿಗುವುದು ಎರಡೇ ಸಾಲು. ಆದರೆ ಪ್ರತಿ ಸಲ ಸಿಗುತ್ತದೆ.

ಸಂಕಲನಗಳಿಗೆ ಕೆಟ್ಟ ಗುಣವೂ ಇದೆ. ಜೇಮ್ಸ್ ಅವರ ಸಮಗ್ರ ಸಂಕಲನ 1931ರಲ್ಲಿ ಬಂತು, ಮೂವತ್ತು ಕಥೆ. ಒಂದೇ ವಾರದಲ್ಲಿ ಓದಿದರೆ ಗುಟ್ಟು ಬಯಲಾಗುತ್ತದೆ. ಮದುವೆಯಾಗದ ಒಬ್ಬ ವಿದ್ವಾಂಸ, ಹಳೆಯದೊಂದು ವಸ್ತು, ಮುಟ್ಟಬಾರದ್ದನ್ನು ಮುಟ್ಟುವುದು, ಕೂದಲು ತುಂಬಿದ ಏನೋ ಒಂದು ಕೈಗೆ ತಾಗುವುದು. ಏಳನೆಯ ಕಥೆಗೇ ನೀವು ಮುಂದಿನದು ಹೇಳಬಲ್ಲಿರಿ. 1919ರ ಸಂಕಲನದ ಹೊತ್ತಿಗೆ ಅವರಿಗೇ ಬೇಸರ ಬಂದಿತ್ತೇನೋ ಅನ್ನಿಸುತ್ತದೆ. ಹರ್ನ್ ಜಾಣರು. ಕ್ವೈದಾನ್‌ನಲ್ಲಿ ಒಂದು ಕಥೆ ಉದ್ದ, ಇನ್ನೊಂದು ಎರಡು ಮೂರು ಪುಟ. ಕೊನೆಯಲ್ಲಿ ದೆವ್ವವೇ ಇಲ್ಲ. ಚಿಟ್ಟೆ, ಸೊಳ್ಳೆ, ಇರುವೆ ಬಗ್ಗೆ ಮೂರು ಪ್ರಬಂಧ ಇವೆ. ಸೊಳ್ಳೆಯದು ಓದಿ. ತಾನು ಸತ್ತು ಸೊಳ್ಳೆಯಾಗಿ ಹುಟ್ಟಿದರೆ ಅಂತ ಯೋಚಿಸುತ್ತಾರೆ. ದೆವ್ವದ ಕಥೆಗಳಾದ ಮೇಲೆ ಅದು ಬೇರೆ ಥರ ತಾಗುತ್ತದೆ.

ಬೇರೆ ಬೇರೆ ಲೇಖಕರ ಕಥೆ ಸೇರಿಸಿದ ಪುಸ್ತಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಪ್ಯಾನ್ ಪ್ರಕಾಶನದ ಸರಣಿ 1959ರಲ್ಲಿ ಶುರುವಾಗಿ ಮೂವತ್ತು ಸಂಪುಟ ಬಂತು. ಮೊದಲಿನವು ಚೆನ್ನಾಗಿವೆ. ಬರಬರುತ್ತಾ ಕೊಡಲಿ, ರಕ್ತ ಜಾಸ್ತಿಯಾಯಿತು. ಅಸಹ್ಯಕ್ಕೂ ಹೆದರಿಕೆಗೂ ವ್ಯತ್ಯಾಸ ಇದೆ. ಜೇಮ್ಸ್ ಕೂಡ ಇದೇ ಮಾತು ಹೇಳುತ್ತಿದ್ದರು, ಕಥೆಗಾರನಿಗೆ ಸಂಯಮ ಬೇಕು ಅಂತ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ.

ಒಬ್ಬರು, ಜೇಮ್ಸ್ ದೆವ್ವ ನಂಬುತ್ತಿದ್ದರಾ ಅಂತ ಕೇಳಿದರು. 1931ರ ಮುನ್ನುಡಿಯಲ್ಲಿ ಅವರೇ ಉತ್ತರ ಕೊಟ್ಟಿದ್ದಾರೆ: ಸಾಕ್ಷಿ ತಂದರೆ ನೋಡಲು ಸಿದ್ಧ, ಮನಸ್ಸಿಗೆ ಒಪ್ಪಿದರೆ ಒಪ್ಪಲೂ ಸಿದ್ಧ. ಹಸ್ತಪ್ರತಿ ಓದುವವರ ಉತ್ತರ.

ಕಾಲೇಜು ಹುಡುಗಿಯೊಬ್ಬಳು, ಸಾರ್, ಇವನ್ನು ಕನ್ನಡಕ್ಕೆ ತರಬಹುದಾ, ಯಾರನ್ನಾದರೂ ಕೇಳಬೇಕಾ ಅಂದಳು. ಬೇಡ. ಇಲ್ಲಿ ಲೇಖಕ ತೀರಿಕೊಂಡು ಅರವತ್ತು ವರ್ಷಕ್ಕೆ ಕಾಪಿರೈಟ್ ಮುಗಿಯುತ್ತದೆ. ಹರ್ನ್ ತೀರಿಕೊಂಡದ್ದು 1904ರಲ್ಲಿ, ಜೇಮ್ಸ್ 1936ರಲ್ಲಿ, ಜೇಕಬ್ಸ್ 1943ರಲ್ಲಿ. ಮೂಲ ಮೂರೂ ಬಿಟ್ಟಿಯಾಗಿ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ಕ್ವೈದಾನ್‌ನ 'ಮುಜಿನಾ'ದಿಂದ ಶುರು ಮಾಡು ಅಂದೆ. ಟೋಕಿಯೊದ ಒಂದು ಏರುದಾರಿ, ಅಳುತ್ತಾ ಕೂತ ಮುಖವಿಲ್ಲದ ಹೆಂಗಸು, ಓಡಿಬಂದವನಿಗೆ ಆಸರೆಯಾಗುವ ನೂಡಲ್ಸ್ ಮಾರುವವನು. ತುಂಬಾ ಚಿಕ್ಕದು, ಒಂದು ಭಾನುವಾರ ಸಾಕು. ಆ ನೂಡಲ್ಸ್‌ನವನ ಮಾತು ಮಾತ್ರ ಪುಸ್ತಕದ ಕನ್ನಡದಲ್ಲಿ ಬೇಡ, ರಾತ್ರಿ ಗಾಡಿ ಇಟ್ಟುಕೊಂಡವರು ನಿಜವಾಗಿ ಆಡುವ ಕನ್ನಡದಲ್ಲಿ ಬರಲಿ. ಮುಂದಿನ ತಿಂಗಳು ತರುತ್ತೇನೆ ಅಂದಿದ್ದಾಳೆ.